ಕಂಪ್ರೆಸರ್ ತಣ್ಣಗಿರಲಿ, ತೀರಾ ತಣ್ಣಗೆ ಬೇಡ
ಮಂಗಳೂರಿನ ಬೈಕಂಪಾಡಿ ಕಡೆ ಪಿಸ್ಟನ್ ಕಂಪ್ರೆಸರ್ ನೋಡಿಕೊಳ್ಳುವವರಿಗೆ ಒಂದು ಮಾತು. ಸೆಕೆ ಜಾಸ್ತಿ ಎಂದು ಸಿಲಿಂಡರ್ ಸುತ್ತ ನೀರು ಹರಿಯುವ ಹೊದಿಕೆಗೆ, ಅಂದರೆ ಜಾಕೆಟ್‌ಗೆ, ಸಿಕ್ಕಾಪಟ್ಟೆ ತಣ್ಣೀರು ಬಿಡಬೇಡಿ ಮಾರಾಯ್ರೇ. ಜಾಕೆಟ್‌ಗೆ ಹೋಗುವ ನೀರು, ಒಳಗೆ ಬರುವ ಗ್ಯಾಸ್‌ಗಿಂತ ಸುಮಾರು 6 ಡಿಗ್ರಿ ಸೆಲ್ಸಿಯಸ್ಸಾದರೂ ಬಿಸಿ ಇರಬೇಕು. ಇಲ್ಲದಿದ್ದರೆ ಗ್ಯಾಸಿನ ತೇವ ಸಿಲಿಂಡರ್ ಗೋಡೆಯಲ್ಲೇ ನೀರಾಗುತ್ತದೆ, ಫ್ರಿಜ್ಜಿನಿಂದ ತೆಗೆದ ಸೋಡಾ ಬಾಟ್ಲಿ ಬೆವರಿದ ಹಾಗೆ. ಆ ನೀರು ಆಯಿಲ್ ಪದರವನ್ನು ತೊಳೆದುಬಿಡುತ್ತದೆ. ಪಿಸ್ಟನ್ ರಿಂಗ್ ಬೇಗ ಸವೆಯುತ್ತದೆ. ನೀರು ಜಾಸ್ತಿಯಾದರೆ ವಾಲ್ವ್ ಪ್ಲೇಟೇ ಮುರಿಯಬಹುದು. ನಮ್ಮ ಕರಾವಳಿ ಗಾಳಿಯನ್ನೇ ಎಳೆಯುವ ಏರ್ ಕಂಪ್ರೆಸರ್‌ಗಳಿಗಂತೂ ಈ ಕಾಟ ಇನ್ನೂ ಹೆಚ್ಚು.

ರಾಡ್ ಪ್ಯಾಕಿಂಗ್, ಅಂದರೆ ಪಿಸ್ಟನ್ ರಾಡ್ ಸುತ್ತ ಗ್ಯಾಸ್ ಸೋರದಂತೆ ತಡೆಯುವ ಸೀಲಿನ ಕಥೆ ಬೇರೆ. ಅಲ್ಲಿ ರಾಡ್ ಉಜ್ಜಿ ಉಜ್ಜಿ ಬಿಸಿ ಹುಟ್ಟುತ್ತದೆ, ಅದು ಹೊರಹೋಗಲು ದಾರಿ ಕಡಿಮೆ. ಹಾಗಾಗಿ ಅಲ್ಲಿಗೆ ತಂಪು ನೀರೇ ಬೇಕು, ಸಾಧ್ಯವಾದರೆ 35 ಡಿಗ್ರಿಯೊಳಗೆ. ಒಳಗಿನ ದಾರಿಗಳು ಸಣ್ಣವು, ಕಸ ಬಂದರೆ ಕಟ್ಟಿಕೊಳ್ಳುತ್ತವೆ. ಫಿಲ್ಟರ್ ಇಲ್ಲದೆ ನೀರು ಬಿಡಬೇಡಿ. ನೀರು ಕೆಳಗಿನಿಂದ ಒಳಗೆ, ಮೇಲಿನಿಂದ ಹೊರಗೆ. ಉಲ್ಟಾ ಕೊಟ್ಟರೆ ಗಾಳಿ ಸಿಕ್ಕಿಕೊಳ್ಳುತ್ತದೆ, ಆ ಜಾಗ ಮಾತ್ರ ಬಿಸಿಯೇರುತ್ತದೆ. ಸಮುದ್ರದ ಹತ್ತಿರದ ಉಪ್ಪು ಬೋರ್ ನೀರನ್ನಂತೂ ಹಾಕಲೇಬೇಡಿ, ಲೋಹ ತಿಂದುಬಿಡುತ್ತದೆ.