ಸ್ಯಾಟ್ ಅಂಕ ತುದಿ ಮುಟ್ಟದಿದ್ದರೂ ಅರ್ಜಿ ಗಟ್ಟಿಯಾಗಿರಲಿ

ನಮ್ಮಲ್ಲಿ ಸಿಇಟಿ ರ‍್ಯಾಂಕ್ ಬಂತೆಂದರೆ ಸೀಟಿನ ಹಣೆಬರಹ ಬರೆದಂತೆಯೇ. ಅಮೆರಿಕದ ಕಾಲೇಜುಗಳಿಗೆ ಅರ್ಜಿ ಹಾಕುವ ಮನೆಗಳೂ ಇದೇ ಲೆಕ್ಕಾಚಾರವನ್ನು ಅಲ್ಲಿಗೂ ಒಯ್ಯುತ್ತವೆ. ಅಲ್ಲಿನ ಪದವಿ ಪ್ರವೇಶಕ್ಕಾಗಿ ಬರೆಯುವ ಸ್ಯಾಟ್ ಪರೀಕ್ಷೆಯಲ್ಲಿ 1600ಕ್ಕೆ 1460 ಬಂದರೆ ಎಲ್ಲರ ಮುಖ ಸಪ್ಪಗಾಗುತ್ತದೆ. ಮತ್ತೆ ಕೋಚಿಂಗ್, ಮತ್ತೆ ಪರೀಕ್ಷೆ. ಈ ಸಲ 1490. ಮೂರನೆಯ ಬಾರಿ ಬರೆಯುವ ಹೊತ್ತಿಗೆ ಅಕ್ಟೋಬರ್ ಕಳೆದಿರುತ್ತದೆ, ಅರ್ಜಿಯೊಂದಿಗೆ ಕಳುಹಿಸಬೇಕಾದ ಪ್ರಬಂಧದ ಮೊದಲ ಸಾಲೂ ಹುಟ್ಟಿರುವುದಿಲ್ಲ.

ಅಲ್ಲಿನ ಪ್ರವೇಶ ಸಮಿತಿಗಳು ಅಂಕದ ಮೇಲೆ ಸಾಲಾಗಿ ನಿಲ್ಲಿಸಿ ಸೀಟು ಹಂಚುವುದಿಲ್ಲ. ತಮ್ಮ ಓದಿನ ಭಾರವನ್ನು ಈ ವಿದ್ಯಾರ್ಥಿ ಹೊರಬಲ್ಲನೇ ಎಂದು ಅಂಕದಲ್ಲಿ ನೋಡುತ್ತಾರೆ. ಅದು ಖಾತ್ರಿಯಾದ ಮೇಲೆ ಕಡತದ ಉಳಿದ ಹಾಳೆಗಳತ್ತ ತಿರುಗುತ್ತಾರೆ. ಹಾಗೆಂದು ದಾರಿ ಸಲೀಸೇನಲ್ಲ. ಹಾರ್ವರ್ಡ್ ನೂರು ಅರ್ಜಿಗಳಲ್ಲಿ ಸುಮಾರು ನಾಲ್ಕನ್ನು ಒಪ್ಪುತ್ತದೆ, 1600 ತೆಗೆದವರೂ ಅಲ್ಲಿಂದ ಬರಿಗೈಯಲ್ಲಿ ಮರಳುತ್ತಾರೆ. ಕೊನೆಯ ನಲವತ್ತು-ಐವತ್ತು ಅಂಕಗಳಿಗಾಗಿ ಸುಡುವ ತಿಂಗಳುಗಳನ್ನು ಬೇರೆಡೆ ಹಾಕಿದರೆ ಫಲ ಹೆಚ್ಚು ಎಂಬುದಷ್ಟೇ ನನ್ನ ವಾದ.

ಮೊದಲು ನಿಯಮ ತಿಳಿಯಿರಿ

ಪ್ರತಿ ಕಾಲೇಜಿನ ನಿಯಮ ಬೇರೆ. ಮೇನ್ ರಾಜ್ಯದ ಬೋಡನ್ ಕಾಲೇಜು 1969ರಲ್ಲಿಯೇ ಪರೀಕ್ಷೆಯ ಕಡ್ಡಾಯವನ್ನು ಕೈಬಿಟ್ಟಿತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ, ಲಾಸ್ ಏಂಜಲೀಸ್ ಮೊದಲಾದ ಕ್ಯಾಂಪಸ್‌ಗಳು ಪ್ರವೇಶ ನಿರ್ಧಾರಕ್ಕೆ ಸ್ಯಾಟ್ ಅಂಕವನ್ನು ನೋಡುವುದೇ ಇಲ್ಲ. ಕೊಲಂಬಿಯಾದಲ್ಲಿ ಕೊಡುವುದು ಬಿಡುವುದು ನಿಮ್ಮಿಷ್ಟ. ಇನ್ನೊಂದೆಡೆ, ಕೋವಿಡ್ ಕಾಲದಲ್ಲಿ ಸಡಿಲಿಸಿದ್ದವರು ಮತ್ತೆ ಬಿಗಿ ಮಾಡಿದ್ದಾರೆ: ಎಂಐಟಿ 2022ರಲ್ಲಿ, ಡಾರ್ಟ್‌ಮತ್, ಬ್ರೌನ್, ಹಾರ್ವರ್ಡ್, ಕ್ಯಾಲ್‌ಟೆಕ್ 2024ರಲ್ಲಿ ಪರೀಕ್ಷೆ ಬೇಕೆಂದು ಘೋಷಿಸಿದವು. ನಿಯಮ ಬದಲಾಗುತ್ತಲೇ ಇರುವುದರಿಂದ, ಅರ್ಜಿ ಹಾಕುವ ವರ್ಷಕ್ಕೆ ಏನು ಅನ್ವಯಿಸುತ್ತದೆ ಎಂಬುದನ್ನು ಆಯಾ ಕಾಲೇಜಿನ ಪ್ರವೇಶ ಪುಟದಲ್ಲಿಯೇ ನೋಡಿ. ವಾಟ್ಸ್‌ಆ್ಯಪ್ ಗುಂಪಿನ ಮಾತು ನಂಬಬೇಡಿ.

ಅಂಕ ಕಳುಹಿಸಬೇಕೇ?

ಹೆಚ್ಚಿನವರಿಗೆ ಗೊತ್ತಿಲ್ಲದ ಒಂದು ಕಡತವಿದೆ, ಕಾಮನ್ ಡೇಟಾ ಸೆಟ್. ಬಹುತೇಕ ಕಾಲೇಜುಗಳು ವರ್ಷಕ್ಕೊಮ್ಮೆ ಇದನ್ನು ಪ್ರಕಟಿಸುತ್ತವೆ. ಕಾಲೇಜಿನ ಹೆಸರಿನ ಜೊತೆಗೆ ಈ ಪದಗಳನ್ನು ಸೇರಿಸಿ ಹುಡುಕಿದರೆ ಸಿಗುತ್ತದೆ. ಅದರ ಸಿ7 ಎಂಬ ಕೋಷ್ಟಕದಲ್ಲಿ ತರಗತಿಯ ಅಂಕ, ಪರೀಕ್ಷೆ, ಪ್ರಬಂಧ, ಶಿಫಾರಸು, ಚಟುವಟಿಕೆ ಇವುಗಳಲ್ಲಿ ಯಾವುದು ಬಹಳ ಮುಖ್ಯ, ಯಾವುದು ಮುಖ್ಯ, ಯಾವುದನ್ನು ಸುಮ್ಮನೆ ಗಮನಿಸುತ್ತಾರೆ ಎಂದು ಕಾಲೇಜೇ ಗುರುತು ಹಾಕಿರುತ್ತದೆ. ಸಿ9ರಲ್ಲಿ ಸೇರಿದವರ ಅಂಕಗಳಿರುತ್ತವೆ. 25ನೆಯ ಪರ್ಸೆಂಟೈಲ್ 1440, 75ನೆಯದು 1530 ಎಂದಿದ್ದರೆ, ಅಂಕ ಸಲ್ಲಿಸಿ ಸೇರಿದವರಲ್ಲಿ ಸುಮಾರು ಕಾಲು ಭಾಗ 1440ಕ್ಕಿಂತ ಕೆಳಗಿದ್ದರು ಎಂದರ್ಥ. ಆ ಕಾಲು ಭಾಗದಲ್ಲಿ ಕ್ರೀಡಾಪಟುಗಳಂಥ ವಿಶೇಷ ಆಯ್ಕೆಯವರೂ ಇರುತ್ತಾರೆ ಎಂಬುದು ನೆನಪಿರಲಿ.

ಅಂಕ ಐಚ್ಛಿಕವಾಗಿರುವ ಕಡೆ ನಿಮ್ಮದು ಆ ನಡುವಿನ ವ್ಯಾಪ್ತಿಯೊಳಗಿದ್ದರೆ ಕಳುಹಿಸಿ. ತುಸು ಕೆಳಗಿದ್ದರೆ ನಿಮ್ಮ ಶಾಲೆ ಎಂಥದ್ದು ಎಂಬುದು ಲೆಕ್ಕಕ್ಕೆ ಬರುತ್ತದೆ. ಅಮೆರಿಕದ ಎಡಿಸನ್ ಅಥವಾ ಕ್ಯುಪರ್ಟಿನೊದಂಥ ಊರಿನಲ್ಲಿ ಬೆಳೆದ ನಮ್ಮವರ ಮಗಳ 1430, ಮಲೆನಾಡಿನ ಸರ್ಕಾರಿ ಪಿಯು ಕಾಲೇಜಿನ ಹುಡುಗಿಯ 1430 ಸಮಿತಿಯ ಕಣ್ಣಿಗೆ ಒಂದೇ ಅಲ್ಲ. ಅರ್ಜಿಯ ಜೊತೆ ಶಾಲೆಯ ಪರಿಚಯ ಪತ್ರವೂ ಹೋಗುವುದು ಇದಕ್ಕಾಗಿಯೇ. ಅನುಕೂಲವಿಲ್ಲದ ಹಿನ್ನೆಲೆಯ ಮಕ್ಕಳು ತಮಗೆ ನೆರವಾಗಬಹುದಾಗಿದ್ದ ಅಂಕಗಳನ್ನೂ ಅಂಜಿ ಮುಚ್ಚಿಟ್ಟಿದ್ದರು ಎಂಬುದು ಡಾರ್ಟ್‌ಮತ್ ಪರೀಕ್ಷೆಯನ್ನು ಮರಳಿ ತರಲು ಕೊಟ್ಟ ಕಾರಣಗಳಲ್ಲೊಂದು.

ಪ್ರಥಮ ಪಿಯುಸಿಯನ್ನು ಕಡೆಗಣಿಸಬೇಡಿ

ಅಮೆರಿಕದ ಕಾಲೇಜುಗಳು ಕೇಳುವುದು ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗಿನ ಅಂಕಗಳನ್ನು. ಪ್ರಥಮ ಪಿಯುಸಿ ಎಂದರೆ ಪಾಸಾದರೆ ಸಾಕು ಎಂಬ ನಮ್ಮ ರೂಢಿ ಇಲ್ಲಿ ಕೈಕೊಡುತ್ತದೆ; ಅರ್ಜಿ ಹಾಕುವ ದಿನ ಕೈಯಲ್ಲಿರುವ ಇತ್ತೀಚಿನ ಪೂರ್ಣ ಅಂಕಪಟ್ಟಿ ಅದೇ. ದ್ವಿತೀಯ ಪಿಯು ಫಲಿತಾಂಶಕ್ಕೆ ಮೊದಲೇ, ಮಾರ್ಚ್ ಅಂತ್ಯದೊಳಗೆ, ಬಹುತೇಕ ನಿರ್ಧಾರಗಳು ಹೊರಬಿದ್ದಿರುತ್ತವೆ. ನಡುವೆ ಕೇಳುವ ಅರ್ಧವಾರ್ಷಿಕ ವರದಿಗೆ ಮಧ್ಯವಾರ್ಷಿಕ ಮತ್ತು ಪೂರ್ವಸಿದ್ಧತಾ ಪರೀಕ್ಷೆಗಳ ಅಂಕಗಳೇ ಆಧಾರ. ಅವುಗಳ ದೃಢೀಕೃತ ಪ್ರತಿ ಬೇಕಾಗುತ್ತದೆ ಎಂದು ಪ್ರಾಂಶುಪಾಲರಿಗೆ ಜುಲೈನಲ್ಲಿಯೇ ಹೇಳಿಡಿ.

ಚಟುವಟಿಕೆಯ ಹತ್ತು ಸಾಲು

ಹೆಚ್ಚಿನ ಕಾಲೇಜುಗಳ ಅರ್ಜಿ ಕಾಮನ್ ಆ್ಯಪ್ ಎಂಬ ಆನ್‌ಲೈನ್ ಅರ್ಜಿ ವ್ಯವಸ್ಥೆಯ ಮೂಲಕ ಹೋಗುತ್ತದೆ. ಅದರಲ್ಲಿ ಹತ್ತು ಚಟುವಟಿಕೆಗಳಿಗೆ ಜಾಗ, ಪ್ರತಿಯೊಂದರ ವಿವರಣೆಗೆ 150 ಅಕ್ಷರ, ಜೊತೆಗೆ ವಾರಕ್ಕೆ ಎಷ್ಟು ಗಂಟೆ, ವರ್ಷಕ್ಕೆ ಎಷ್ಟು ವಾರ ಎಂಬ ಲೆಕ್ಕ. ನಮ್ಮ ಮಕ್ಕಳು ಎಡವುವುದು ಇಲ್ಲಿ. "ಸಮಾಜಸೇವೆಯಲ್ಲಿ ಆಸಕ್ತಿ, ನಾಯಕತ್ವ ಗುಣ" ಎಂದು ಬರೆದರೆ ಓದುವವರಿಗೆ ಏನೂ ಕಾಣಿಸುವುದಿಲ್ಲ.

ಹಾಸನದ ಕಡೆಯ ಹುಡುಗನೊಬ್ಬ ಬೆಳಗ್ಗೆ ಊರಿನ ಹಾಲಿನ ಡೇರಿಯಲ್ಲಿ ಅಪ್ಪನಿಗೆ ನೆರವಾಗುತ್ತಾನೆ ಎಂದಿಟ್ಟುಕೊಳ್ಳಿ. ಅವನು ಅದನ್ನು ಅರ್ಜಿಯಲ್ಲಿ ಹಾಕುವುದೇ ಇಲ್ಲ, ಅದೇನು ಹೇಳಿಕೊಳ್ಳುವ ಕೆಲಸವೇ ಎಂಬ ಸಂಕೋಚ. ಬದಲಿಗೆ ಒಂದೇ ದಿನ ಗಿಡ ನೆಟ್ಟದ್ದನ್ನು ಬರೆಯುತ್ತಾನೆ. ಅವನು ಬರೆಯಬೇಕಾದದ್ದು ಹೀಗಿತ್ತು: "ಡೇರಿಯಲ್ಲಿ ಬೆಳಗಿನ ಪಾಳಿ; ಹಾಲಿನ ಕೊಬ್ಬಿನಂಶ ಅಳೆದು ದಾಖಲೆ; 70 ಮನೆಗಳ ಬಟವಾಡೆ ಲೆಕ್ಕ; ತಪ್ಪು ಹಿಡಿಯಲು ಸ್ಪ್ರೆಡ್‌ಶೀಟ್ ರೂಪಿಸಿದೆ." ಇದರಲ್ಲಿ ಶಿಸ್ತು, ಗಣಿತ, ಊರಿನ ಜನರ ನಂಬಿಕೆ ಎಲ್ಲವೂ ಇದೆ, ಒಂದು ಗುಣವಾಚಕವೂ ಇಲ್ಲದೆ. ಮನೆಯ ಜವಾಬ್ದಾರಿ, ಸಂಬಳದ ಕೆಲಸ ಇವಕ್ಕೆ ಕಾಮನ್ ಆ್ಯಪ್‌ನಲ್ಲಿ ಪ್ರತ್ಯೇಕ ವರ್ಗಗಳೇ ಇವೆ. ತಮ್ಮನಿಗೆ ಪಾಠ ಹೇಳುವುದು, ಹಾಸಿಗೆ ಹಿಡಿದ ಅಜ್ಜಿಯ ಆರೈಕೆ, ಅಂಗಡಿಯ ಗಲ್ಲಾದಲ್ಲಿ ಕೂರುವುದು ಎಲ್ಲವೂ ಸಲ್ಲುತ್ತವೆ. ಹತ್ತೂ ಜಾಗ ತುಂಬಲೇಬೇಕೆಂದಿಲ್ಲ. ವರ್ಷಗಟ್ಟಲೆ ಮಾಡಿದ ನಾಲ್ಕು ಕೆಲಸ, ಪ್ರಮಾಣಪತ್ರಕ್ಕಾಗಿ ಮಾಡಿದ ಹತ್ತಕ್ಕಿಂತ ತೂಕದ್ದು.

ಶಿಫಾರಸು ಪತ್ರ ಎಂದರೆ ನಡತೆ ಪತ್ರವಲ್ಲ

"ಈ ವಿದ್ಯಾರ್ಥಿ ವಿಧೇಯ, ಶ್ರಮಜೀವಿ, ಇವರ ನಡತೆ ಉತ್ತಮ." ನಮ್ಮ ಕಾಲೇಜುಗಳಿಂದ ಹೋಗುವ ಎಷ್ಟೋ ಪತ್ರಗಳು ಟಿಸಿ ಜೊತೆ ಕೊಡುವ ನಡತೆ ಪತ್ರದ ಅಣ್ಣತಮ್ಮಂದಿರು. ಅಧ್ಯಾಪಕರ ತಪ್ಪೇನಲ್ಲ, ಬೇರೆ ಬಗೆಯ ಪತ್ರ ಬರೆಯಿರಿ ಎಂದು ಅವರಿಗೆ ಯಾರೂ ಹೇಳಿರುವುದಿಲ್ಲ. ನೀವು ಮಾಡಬೇಕಾದ್ದು ಇಷ್ಟು: ಅವರ ತರಗತಿಯಲ್ಲಿ ನಡೆದ ಎರಡು-ಮೂರು ಸಂಗತಿಗಳನ್ನು, ಉದಾಹರಣೆಗೆ ನೀವು ಹಟ ಹಿಡಿದು ಕೇಳಿದ ಪ್ರಶ್ನೆ ಅಥವಾ ಪ್ರಯೋಗಾಲಯದಲ್ಲಿ ಕೆಟ್ಟುಹೋಗಿ ಮತ್ತೆ ಮಾಡಿದ ಪ್ರಯೋಗವನ್ನು, ಒಂದು ಹಾಳೆಯಲ್ಲಿ ಬರೆದು ಕೊಟ್ಟು ನೆನಪಿಸಿ. ಪತ್ರ ಅವರೇ ಬರೆಯಲಿ. "ನೀನೇ ಬರೆದು ತಾ, ಸಹಿ ಹಾಕುತ್ತೇನೆ" ಎಂದರೆ ವಿನಯದಿಂದ ಬೇಡವೆನ್ನಿ. ಪ್ರಬಂಧದ ಕೈ ಮತ್ತು ಪತ್ರದ ಕೈ ಒಂದೇ ಎಂಬುದನ್ನು ದಿನವಿಡೀ ಇವನ್ನೇ ಓದುವವರು ಬೇಗ ಹಿಡಿಯುತ್ತಾರೆ.

ಎಂಐಟಿ ಒಂದು ಪತ್ರವನ್ನು ಗಣಿತ ಅಥವಾ ವಿಜ್ಞಾನದ ಶಿಕ್ಷಕರಿಂದ, ಇನ್ನೊಂದನ್ನು ಮಾನವಿಕ, ಸಮಾಜ ವಿಜ್ಞಾನ ಇಲ್ಲವೇ ಭಾಷಾ ಶಿಕ್ಷಕರಿಂದ ಕೇಳುತ್ತದೆ. ನಿಮ್ಮನ್ನು ಚೆನ್ನಾಗಿ ಬಲ್ಲ ಕನ್ನಡ ಮೇಷ್ಟರು ಇದ್ದರೆ ಅವರೇ ಸೂಕ್ತ.

ಪ್ರಬಂಧ

ಕಾಮನ್ ಆ್ಯಪ್‌ನ ಮುಖ್ಯ ಪ್ರಬಂಧಕ್ಕೆ ಮಿತಿ 650 ಪದ. ಚರ್ಚಾ ಸ್ಪರ್ಧೆಯಲ್ಲಿ ಸೋತು ಪಾಠ ಕಲಿತದ್ದು, ಹಳ್ಳಿಗೆ ಹೋಗಿ ಬಡತನ ಕಂಡು ಕಣ್ಣು ತೆರೆದದ್ದು ಇವನ್ನು ಓದಿ ಓದಿ ಅಲ್ಲಿಯವರು ಬೇಸತ್ತಿದ್ದಾರೆ. ಸಣ್ಣ ವಸ್ತು ಆರಿಸಿ, ನಿಮ್ಮದೇ ಇಂಗ್ಲಿಷ್‌ನಲ್ಲಿ ಬರೆಯಿರಿ, ದುಡ್ಡು ಕೊಟ್ಟು ಬರೆಸಬೇಡಿ. ಕೆಲವು ಕಾಲೇಜುಗಳು "ನಮ್ಮಲ್ಲಿಗೇ ಏಕೆ?" ಎಂದು ಪ್ರತ್ಯೇಕವಾಗಿ ಕೇಳುತ್ತವೆ. ಉತ್ತರದಲ್ಲಿ ಕಾಲೇಜಿನ ಹೆಸರು ಬದಲಿಸಿದರೂ ಹೊಂದುತ್ತದೆ ಎಂದಾದರೆ ಮತ್ತೆ ಬರೆಯಿರಿ.

ಪಟ್ಟಿ ಮತ್ತು ದುಡ್ಡು

ಪಟ್ಟಿಯಲ್ಲಿ ಹಾರ್ವರ್ಡ್‌ನಂಥವು ಎರಡೋ ಮೂರೋ ಇದ್ದರೆ ಸಾಕು. ಗ್ರಿನೆಲ್, ಮೆಕಾಲೆಸ್ಟರ್, ಬೇಟ್ಸ್‌ನಂಥ ಸಣ್ಣ ಕಾಲೇಜುಗಳ ಹೆಸರು ನಮ್ಮ ಬಂಧುಬಳಗಕ್ಕೆ ಗೊತ್ತಿಲ್ಲದಿರಬಹುದು. ಅವುಗಳ ಪಾಠ ಮಾತ್ರ ಗಟ್ಟಿ.

ಹೆಸರಾಂತ ಖಾಸಗಿ ಕಾಲೇಜುಗಳ ಒಟ್ಟು ಖರ್ಚು ವರ್ಷಕ್ಕೆ 80 ಸಾವಿರ ಡಾಲರ್ ದಾಟುತ್ತದೆ. ನೆರವು ಕೇಳಿದ್ದು ಪ್ರವೇಶಕ್ಕೆ ಅಡ್ಡಿಯಾಗದ ವ್ಯವಸ್ಥೆಯನ್ನು ವಿದೇಶಿ ವಿದ್ಯಾರ್ಥಿಗಳಿಗೂ ಕೊಡುವವರು ಕೆಲವರೇ: ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆ್ಯಮರ್ಸ್ಟ್, ಡಾರ್ಟ್‌ಮತ್, ಬೋಡನ್ ಅವುಗಳಲ್ಲಿ ಸೇರಿವೆ. ಉಳಿದ ಹೆಚ್ಚಿನ ಕಡೆ ನೀವು ಕೇಳುವ ಮೊತ್ತ ನಿರ್ಧಾರದ ಮೇಲೆ ಪರಿಣಾಮ ಬೀರುತ್ತದೆ. ನವೆಂಬರ್ ಆರಂಭದ 'ಅರ್ಲಿ ಡಿಸಿಷನ್' ಅರ್ಜಿಗೆ ಒಪ್ಪಿಗೆ ಸಿಕ್ಕರೆ ಸೇರಲೇಬೇಕೆಂಬ ಕರಾರು ಇರುತ್ತದೆ. ಕೊಟ್ಟ ನೆರವು ಸಾಲದಿದ್ದರೆ ಮಾತ್ರ ಬಿಡುಗಡೆ. ಆದ್ದರಿಂದ ಅದಕ್ಕೆ ಸಹಿ ಹಾಕುವ ಮುನ್ನ ಖರ್ಚಿನ ಅಂದಾಜು ಪಡೆಯಿರಿ. ಅಮೆರಿಕದಲ್ಲಿ ನೆಲೆಸಿದ ಕುಟುಂಬಗಳಿಗೆ ಪ್ರತಿ ಕಾಲೇಜಿನ ಜಾಲತಾಣದಲ್ಲಿ ಲೆಕ್ಕಯಂತ್ರವಿದೆ. ಇಲ್ಲಿಂದ ಹೋಗುವವರಿಗೆ ಅದು ಅನೇಕ ಕಡೆ ಹೊಂದುವುದಿಲ್ಲ. ಆಗಸ್ಟ್ ಹೊತ್ತಿಗೆ ಆರ್ಥಿಕ ನೆರವಿನ ಕಚೇರಿಗೆ ನೇರವಾಗಿ ಇಮೇಲ್ ಬರೆದು, ಮನೆಯ ವರಮಾನ ಇಷ್ಟು, ಜಮೀನು ಇಷ್ಟು, ಓದುತ್ತಿರುವ ಮಕ್ಕಳು ಇಷ್ಟು ಎಂದು ತಿಳಿಸಿ ಕೇಳಿ.