ಕೇಳಲು ಬಾರದವರಿಗೆ ಕೊಡುವ ನೆರವು: ನನ್ನ ಅನುಭವ

ವಿಶ್ವವಿದ್ಯಾಲಯದಲ್ಲಿ ಮೊದಲ ವರ್ಷದವರಿಗೆ ಸಂಖ್ಯಾಶಾಸ್ತ್ರ ಕಲಿಸುತ್ತ, ಅದರ ಜೊತೆಗೆ ವಿಭಾಗದ ಶೈಕ್ಷಣಿಕ ನೆರವಿನ ಹೊಣೆಯನ್ನೂ ನೋಡಿಕೊಳ್ಳುತ್ತ ಬಂದಿರುವ ನನಗೆ ಈ ಕೆಲಸದ ಮೊದಲ ದಿನಗಳಲ್ಲೇ ಒಂದು ಸಂಗತಿ ಕಣ್ಣಿಗೆ ಬಿದ್ದಿತ್ತು. ಕೊಠಡಿಯ ಬಾಗಿಲಿಗೆ ಭೇಟಿಯ ವೇಳೆಯನ್ನು ಬರೆದು ಅಂಟಿಸಿ ಕಾದರೆ, ಒಳಗೆ ಬರುವವರು ಬಹುಮಟ್ಟಿಗೆ ಚೆನ್ನಾಗಿ ಓದುತ್ತಿರುವವರೇ. ಎಂಬತ್ತು ಅಂಕ ತೆಗೆದವರು ಉಳಿದ ಅಂಕ ಎಲ್ಲಿ ಹೋಯಿತೆಂದು ಕೇಳಲು ಬರುತ್ತಾರೆ. ಇಪ್ಪತ್ತು ಅಂಕವೂ ಬಾರದವರು ಆ ಬಾಗಿಲನ್ನು ದಾಟಿ ಮುಂದೆ ಹೋಗುತ್ತಾರೆ. ನೆರವಿನ ವ್ಯವಸ್ಥೆ ಇದೆ ಎಂದು ಪ್ರಕಟಿಸಿದರೆ ಸಾಲದು, ಅದು ವಿದ್ಯಾರ್ಥಿ ಇರುವಲ್ಲಿಗೆ ನಡೆದು ಹೋಗಬೇಕು ಎಂಬ ಒಂದೇ ತಿಳಿವಳಿಕೆಯ ಮೇಲೆ ನಾನು ಮುಂದೆ ಮಾಡಿದ್ದೆಲ್ಲ ನಿಂತಿದೆ.

ಬಾರದವರು ಸೋಮಾರಿಗಳು ಎಂಬ ಮಾತನ್ನು ಸಿಬ್ಬಂದಿ ಸಭೆಗಳಲ್ಲಿ ಆಗಾಗ ಕೇಳುತ್ತೇನೆ, ಅದನ್ನು ನಾನು ಒಪ್ಪುವುದಿಲ್ಲ. ಕೇಳಬೇಕಾದರೆ ಏನು ಗೊತ್ತಿಲ್ಲ ಎಂಬುದಾದರೂ ಗೊತ್ತಿರಬೇಕು. ಪಾಠದ ಎಳೆ ಪೂರ್ತಿ ಕೈತಪ್ಪಿದವರಿಗೆ ಪ್ರಶ್ನೆಯನ್ನು ರೂಪಿಸುವುದೇ ಕಷ್ಟ. ಮನೆಯಲ್ಲಿ ಮೊದಲ ಬಾರಿಗೆ ಪದವಿ ಓದಲು ಬಂದವರಲ್ಲಿ ಅನೇಕರಿಗೆ ಭೇಟಿಯ ವೇಳೆ ಎಂದರೆ ಅಧ್ಯಾಪಕರು ಕರೆದಾಗ ಹೋಗುವ ವೇಳೆ ಎಂಬ ಭಾವನೆಯೂ ಇರುತ್ತದೆ. ವಿದ್ಯಾರ್ಥಿಗಳು ಓದನ್ನು ನಡುವೆ ಬಿಡುವುದರ ಬಗ್ಗೆ ವಿನ್ಸೆಂಟ್ ಟಿಂಟೊ 1975ರಲ್ಲಿ ಮಂಡಿಸಿದ ವಿವರಣೆ ಇಂದಿಗೂ ಚರ್ಚೆಯಲ್ಲಿದೆ. ವಿದ್ಯಾರ್ಥಿ ಬರುವಾಗ ತಂದ ಸಾಮರ್ಥ್ಯದಷ್ಟೇ, ಸಂಸ್ಥೆಯ ಓದಿನ ಬದುಕಿನಲ್ಲೂ ಜನರ ನಡುವೆಯೂ ಅವನು ಬೆರೆತನೇ ಇಲ್ಲವೇ ಎಂಬುದೂ ಮುಖ್ಯ ಎಂಬುದು ಅದರ ಸಾರ. ತರಗತಿಯಲ್ಲಿ ಹಿಂದಿನ ಬೆಂಚಿನಿಂದ ನಿಧಾನವಾಗಿ ಮರೆಯಾಗುವವರನ್ನು ನೋಡಿದವರಿಗೆ ಈ ಮಾತು ಹೊಸತೆನಿಸದು.

ಮಾದರಿಯೊಂದನ್ನು ಹುಡುಕುವಾಗ ನನಗೆ ಬಹಳ ಹಿಡಿಸಿದ್ದು ಅಮೆರಿಕದ ಮಿಸೌರಿ ವಿಶ್ವವಿದ್ಯಾಲಯದ ಕಾನ್ಸಸ್ ಸಿಟಿ ಕೇಂದ್ರದಲ್ಲಿ ಡಿಯಾನಾ ಮಾರ್ಟಿನ್ ಅವರು 1973ರಲ್ಲಿ ಆರಂಭಿಸಿದ ಸಪ್ಲಿಮೆಂಟಲ್ ಇನ್‌ಸ್ಟ್ರಕ್ಷನ್ ಪದ್ಧತಿ. ಅಲ್ಲಿ ದುರ್ಬಲ ವಿದ್ಯಾರ್ಥಿಗಳೆಂದು ಯಾರನ್ನೂ ಗುರುತಿಸುವುದಿಲ್ಲ. ಹೆಚ್ಚು ಮಂದಿ ಅನುತ್ತೀರ್ಣರಾಗುವ ಕಠಿಣ ವಿಷಯಗಳನ್ನು ಗುರುತಿಸಿ, ಆ ವಿಷಯ ಓದುವ ಎಲ್ಲರಿಗೂ ಹೆಚ್ಚುವರಿ ಅವಧಿಗಳನ್ನು ತೆರೆದಿಡುತ್ತಾರೆ. ಅವನ್ನು ನಡೆಸುವವರು ಅದೇ ವಿಷಯದಲ್ಲಿ ಚೆನ್ನಾಗಿ ಉತ್ತೀರ್ಣರಾದ ಹಿರಿಯ ವಿದ್ಯಾರ್ಥಿಗಳು. ಅವರು ಮತ್ತೆ ಪಾಠಕ್ಕೂ ಕೂರುತ್ತಾರೆ, ಆದ್ದರಿಂದ ಆ ವಾರ ಅಧ್ಯಾಪಕರು ಏನು ಹೇಳಿದರು ಎಂಬುದು ಅವರಿಗೆ ಗೊತ್ತಿರುತ್ತದೆ. ವಿಭಾಗದ ಮುಖ್ಯಸ್ಥರ ಒಪ್ಪಿಗೆ ಪಡೆದು ಇದನ್ನು ನಮ್ಮ ಅಳತೆಗೆ ತಕ್ಕಂತೆ ಚಿಕ್ಕದಾಗಿ ಮಾಡಿಕೊಂಡೆವು. ಈ ಅವಧಿಗೆ ಹೋಗುವುದು ದಡ್ಡತನದ ಗುರುತಲ್ಲ ಎಂಬ ಭಾವನೆ ತಾನಾಗಿ ಬೆಳೆಯಿತು, ಏಕೆಂದರೆ ಚೆನ್ನಾಗಿ ಓದುವವರೂ ಅಲ್ಲಿ ಕೂರುತ್ತಿದ್ದರು.

ಆದರೂ ಒಬ್ಬೊಬ್ಬರ ತೊಡಕು ಎಲ್ಲಿದೆ ಎಂದು ಬೇಗ ತಿಳಿಯಬೇಕಿತ್ತು. ಅದಕ್ಕಾಗಿ ಸೆಮಿಸ್ಟರಿನ ಎರಡನೇ ವಾರದಲ್ಲಿ ಅಂಕವಿಲ್ಲದ ಒಂದು ಕಿರುಪರೀಕ್ಷೆ ಇಡುತ್ತೇನೆ. ಉತ್ತರ ಸರಿಯೋ ತಪ್ಪೋ ಎಂಬುದಕ್ಕಿಂತ, ಬರವಣಿಗೆ ಎಲ್ಲಿ ನಿಂತಿತು ಎಂಬುದನ್ನು ನೋಡಲು. ಒಬ್ಬ ವಿದ್ಯಾರ್ಥಿನಿಯ ಹಾಳೆ ನನಗೆ ಈಗಲೂ ನೆನಪಿದೆ. 1, 6, 8 ಎಂಬ ಮೂರು ಸಂಖ್ಯೆಗಳ ಮಾನಕ ವಿಚಲನೆಯನ್ನು, ಅಂದರೆ ಅವು ಸರಾಸರಿಯಿಂದ ಎಷ್ಟು ಚದುರಿವೆ ಎಂಬುದರ ಅಳತೆಯನ್ನು, ಕಂಡುಹಿಡಿಯಬೇಕಿತ್ತು. ಸರಾಸರಿ 5 ಎಂದು ಸರಿಯಾಗಿ ಬರೆದಿದ್ದಳು. ವಿಚಲನೆಗಳು −4, 1, 3 ಎಂದು ಬರೆದದ್ದೂ ಸರಿಯೇ. ಅವುಗಳ ವರ್ಗಗಳ ಮೊತ್ತ ಎಂದು ಬರೆದ ಸಾಲಿನಲ್ಲಿ −6 ಎಂದು ಬಂದಿತ್ತು. ಅಲ್ಲಿಂದ ಮುಂದೆ ಹಾಳೆ ಖಾಲಿ. ಕ್ಯಾಲ್ಕುಲೇಟರಿನಲ್ಲಿ −4ನ್ನು ಆವರಣದೊಳಗೆ ಹಾಕದೆ ವರ್ಗದ ಗುಂಡಿ ಒತ್ತಿದರೆ ಬಹಳಷ್ಟು ಯಂತ್ರಗಳು ಮೊದಲು 4ನ್ನು ವರ್ಗ ಮಾಡಿ, ಆಮೇಲೆ ಮೈನಸ್ ಚಿಹ್ನೆ ಹಚ್ಚಿ −16 ಎಂದು ತೋರಿಸುತ್ತವೆ. ಅದಕ್ಕೆ 1 ಮತ್ತು 9 ಸೇರಿಸಿದರೆ −6. ಋಣ ಸಂಖ್ಯೆಯ ವರ್ಗಮೂಲ ತೆಗೆಯಹೋದಾಗ ಪರದೆಯ ಮೇಲೆ ದೋಷದ ಸೂಚನೆ ಬಂದಿದೆ, ಅವಳು ಲೇಖನಿ ಕೆಳಗಿಟ್ಟಿದ್ದಾಳೆ. ಮೊತ್ತ 26 ಬರಬೇಕಿತ್ತು. ಅಂಕಪಟ್ಟಿಯಲ್ಲಿ ಈ ಹಾಳೆ ಸೊನ್ನೆಯಾಗಿ ಕಾಣುತ್ತದೆ, ಸಂಖ್ಯಾಶಾಸ್ತ್ರ ಅರ್ಥವಾಗಿಲ್ಲ ಎಂದು ನಾವು ತೀರ್ಮಾನಿಸಿಬಿಡುತ್ತೇವೆ. ಅರ್ಥವಾಗದೆ ಇದ್ದದ್ದು ಒಂದು ಜೋಡಿ ಆವರಣ ಚಿಹ್ನೆ ಮಾತ್ರ.

ಇಂಥ ಹಾಳೆ ಕೈಗೆ ಬಂದ ಮೇಲೆ ವಿದ್ಯಾರ್ಥಿಗೆ ಏನೆಂದು ಬರೆಯುವುದು ಎಂಬುದರ ಮೇಲೆ ನಾನು ಅತಿ ಹೆಚ್ಚು ಶ್ರಮ ಹಾಕಿದ್ದೇನೆ. ಕಚೇರಿಯಿಂದ ಹೋಗುತ್ತಿದ್ದ ಸಿದ್ಧ ಪತ್ರದಲ್ಲಿ 'ತಮ್ಮ ಶೈಕ್ಷಣಿಕ ಪ್ರಗತಿ ತೃಪ್ತಿಕರವಾಗಿಲ್ಲದ ಕಾರಣ ಸಂಬಂಧಪಟ್ಟ ಅಧ್ಯಾಪಕರನ್ನು ತಕ್ಷಣ ಸಂಪರ್ಕಿಸತಕ್ಕದ್ದು' ಎಂದಿರುತ್ತಿತ್ತು. ಅದನ್ನು ಓದಿದವರು ಹೆದರುತ್ತಾರೆ. ಯಾರನ್ನು, ಯಾವಾಗ, ಯಾವ ವಿಷಯಕ್ಕೆ ಕಾಣಬೇಕೆಂಬುದು ಮಾತ್ರ ತಿಳಿಯುವುದಿಲ್ಲ. ನಾನು ಅವಳಿಗೆ ಬರೆದದ್ದು ಇಷ್ಟು: 'ನಿಮ್ಮ ಎರಡನೇ ಲೆಕ್ಕದಲ್ಲಿ ಸರಾಸರಿ, ವಿಚಲನೆ ಎರಡೂ ಸರಿಯಾಗಿವೆ. ವರ್ಗ ಮಾಡುವ ಹಂತದಲ್ಲಿ ಲೆಕ್ಕ ನಿಂತಿದೆ. ಅದನ್ನು ಹತ್ತು ನಿಮಿಷದಲ್ಲಿ ಸರಿಪಡಿಸಿಕೊಳ್ಳಬಹುದು. ಗುರುವಾರ ಮಧ್ಯಾಹ್ನ ಮೂರು ಗಂಟೆಗೆ ನನ್ನ ಕೊಠಡಿಗೆ ಬರಲು ಆಗುತ್ತದೆಯೇ? ಬರುವಾಗ ನಿಮ್ಮ ಕ್ಯಾಲ್ಕುಲೇಟರ್ ತನ್ನಿ. ಆ ಹೊತ್ತು ಆಗದಿದ್ದರೆ ನಿಮಗೆ ಯಾವಾಗ ಅನುಕೂಲ ಎಂದು ತಿಳಿಸಿ.' ಸರಿಯಾಗಿ ಮಾಡಿದ್ದು ಮೊದಲು, ತೊಡಕು ನಂತರ, ಅದು ಎಷ್ಟು ದೊಡ್ಡದು ಎಂಬ ಅಂದಾಜು, ದಿನ ಮತ್ತು ಹೊತ್ತು, ಹೌದು ಅಥವಾ ಇಲ್ಲ ಎಂದು ಉತ್ತರಿಸಬಹುದಾದ ಒಂದು ಪ್ರಶ್ನೆ. ಇಷ್ಟಿದ್ದರೆ ಉತ್ತರ ಬರುವ ಸಂಭವ ಬಹಳ ಹೆಚ್ಚುತ್ತದೆ ಎಂಬುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ.

ಕೊಠಡಿಗೆ ಬಂದವರ ಎದುರು ಅಧ್ಯಾಪಕರು ಕಲಿಯಬೇಕಾದದ್ದು ಕಾಯುವುದನ್ನು. ತರಗತಿಯಲ್ಲಿ ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸಾಮಾನ್ಯವಾಗಿ ಸುಮಾರು ಒಂದು ಸೆಕೆಂಡಿಗಿಂತ ಹೆಚ್ಚು ಕಾಯುವುದಿಲ್ಲ, ಅದನ್ನು ಮೂರು ಸೆಕೆಂಡಿಗೆ ಹೆಚ್ಚಿಸಿದರೆ ಉತ್ತರಗಳು ಉದ್ದವಾಗುತ್ತವೆ, ಸುಮ್ಮನಿದ್ದವರೂ ಮಾತಾಡುತ್ತಾರೆ ಎಂದು ಮೇರಿ ಬಡ್ ರೋ ಅವರು 1970ರ ದಶಕದಲ್ಲಿ ತೋರಿಸಿದರು. ಇಬ್ಬರೇ ಕುಳಿತಾಗಲೂ ಇದು ನಿಜ. 'ಇಲ್ಲಿಯವರೆಗೆ ನೀವು ಮಾಡಿದ್ದನ್ನು ನನಗೆ ಹೇಳಿ' ಎಂದು ಕೇಳಿ ನಾನು ಸುಮ್ಮನಾಗುತ್ತೇನೆ. ಮೊದಲಿಗೆ 'ಗೊತ್ತಿಲ್ಲ ಸರ್' ಎಂದು ಬರುತ್ತದೆ. ಆಗಲೂ ಕಾದರೆ, ಹಾಳೆಯ ಮೇಲೆ ಬೆರಳಿಟ್ಟು, 'ಇಲ್ಲಿವರೆಗೂ ಬಂತು ಸರ್, ಇದನ್ನ ಒತ್ತಿದಾಗ ಏನೋ ಬಂತು' ಎಂಬ ಮಾತು ಹೊರಡುತ್ತದೆ. ನಾವು ಲೇಖನಿ ಎತ್ತಿ ಲೆಕ್ಕವನ್ನು ಬಿಡಿಸಿಕೊಟ್ಟುಬಿಟ್ಟರೆ ಆ ಮಾತು ಎಂದೂ ಹೊರಗೆ ಬಾರದು. ಲೇಖನಿ ವಿದ್ಯಾರ್ಥಿಯ ಕೈಯಲ್ಲೇ ಇರಬೇಕೆಂಬುದು ಈ ಭೇಟಿಗಳಲ್ಲಿ ನಾನು ಬಿಡದೆ ಪಾಲಿಸುವ ನಿಯಮ.

ಅಸೈನ್‌ಮೆಂಟ್ ಹಿಂದಿರುಗಿಸುವ ಕ್ರಮವನ್ನೂ ಬದಲಿಸಿದೆ. ರೂತ್ ಬಟ್ಲರ್ ಅವರು ಶಾಲಾ ಮಕ್ಕಳ ನಡುವೆ ನಡೆಸಿ 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬರಹದ ಟಿಪ್ಪಣಿ ಮಾತ್ರ ಪಡೆದವರು ಮುಂದಿನ ಕೆಲಸದಲ್ಲಿ ಸುಧಾರಿಸಿದರು. ಅಂಕ ಮತ್ತು ಟಿಪ್ಪಣಿ ಎರಡನ್ನೂ ಪಡೆದವರಲ್ಲಿ ಆ ಲಾಭ ಕಾಣಲಿಲ್ಲ. ಪದವಿ ತರಗತಿಯಲ್ಲಿ ಅಂಕ ಕೊಡದೆ ಇರಲಾಗದು. ಹಾಗಾಗಿ ಮೊದಲು ಟಿಪ್ಪಣಿ ಬರೆದ ಹಾಳೆಯನ್ನು ಕೊಟ್ಟು, ಅದನ್ನು ಓದಿ ಒಂದು ಭಾಗವನ್ನು ತಿದ್ದಿ ತಂದ ಮೇಲೆ ಅಂಕ ಪ್ರಕಟಿಸುತ್ತೇನೆ. ಆರಂಭದಲ್ಲಿ ಅಸಮಾಧಾನವಿತ್ತು, ಕೆಲವು ಸಹೋದ್ಯೋಗಿಗಳಿಗೂ ಇದು ಅನಗತ್ಯ ವಿಳಂಬವೆನಿಸಿತ್ತು. ಆದರೆ 'ಇನ್ನಷ್ಟು ವಿವರ ಬೇಕು' ಎಂಬಂಥ ಟಿಪ್ಪಣಿಯಿಂದ ಯಾರೂ ಏನನ್ನೂ ತಿದ್ದಲಾರರು ಎಂಬುದು ಇದರಿಂದ ನಮಗೇ ಸ್ಪಷ್ಟವಾಯಿತು. ಈಗ ಟಿಪ್ಪಣಿಯನ್ನು ಬರೆಯುವಾಗಲೇ ಇದನ್ನು ಓದಿದವರು ಮುಂದಿನ ಅರ್ಧ ಗಂಟೆಯಲ್ಲಿ ಏನು ಮಾಡಬೇಕು ಎಂದು ಯೋಚಿಸುತ್ತೇವೆ.

ಸಿಬ್ಬಂದಿ ಮತ್ತು ವಿದ್ಯಾರ್ಥಿ ಪ್ರತಿನಿಧಿಗಳ ಜಂಟಿ ಸಮಿತಿ ನಮ್ಮಲ್ಲಿ ಮೊದಲಿನಿಂದಲೂ ಇದೆ. ಅದರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಹಿಂದಿನ ಸಭೆಯ ಪ್ರತಿಯೊಂದು ದೂರಿಗೂ ಏನಾಯಿತು ಎಂದು ನಡವಳಿಯಲ್ಲಿ ಬರೆಯುವ ಪದ್ಧತಿ ಬಂದ ಮೇಲೆ ಹಾಜರಿ ಸುಧಾರಿಸಿತು. ನನಗೆ ಇದಕ್ಕಿಂತ ಮಹತ್ವದ್ದೆನಿಸಿದ್ದು ಸೆಮಿಸ್ಟರಿನ ನಡುವೆ ಹೆಸರು ಬರೆಯದೆ ಕೊಡುವ ಅಭಿಪ್ರಾಯ. ಕೊನೆಯಲ್ಲಿ ತುಂಬಿಸುವ ನಮೂನೆಯಿಂದ ಲಾಭವಾಗುವುದು ಮುಂದಿನ ವರ್ಷದವರಿಗೆ, ಬರೆದುಕೊಟ್ಟವರಿಗಲ್ಲ. ನಡುವೆ ಕೇಳಿದಾಗ ಮರುವಾರದ ತರಗತಿಯಲ್ಲಿಯೇ ಯಾವುದನ್ನು ಬದಲಿಸುತ್ತೇನೆ, ಯಾವುದನ್ನು ಬದಲಿಸುವುದಿಲ್ಲ, ಏಕೆ ಎಂದು ಹೇಳಬಹುದು. ಸಾಧಿಸಿ ತೋರಿಸುವ ಸೂತ್ರಗಳನ್ನು ಕಡಿಮೆ ಮಾಡಿ ಎಂದು ಹಲವರು ಬರೆದಿದ್ದರು. ಅದನ್ನು ನಾನು ಕಡಿಮೆ ಮಾಡಲಿಲ್ಲ. ಮುಂದಿನ ಸೆಮಿಸ್ಟರಿನ ಯಾವ ಪಾಠಕ್ಕೆ ಅದು ಬೇಕೆಂದು ವಿವರಿಸಿದೆ. ಇಲ್ಲ ಎಂಬ ಉತ್ತರಕ್ಕೂ ಕಾರಣ ಸಿಕ್ಕಿದರೆ ವಿದ್ಯಾರ್ಥಿಗಳು ಅದನ್ನು ಗೌರವಿಸುತ್ತಾರೆ.

ಓದಿನ ತೊಡಕೆಂದು ಶುರುವಾದ ಮಾತು ಕೆಲವೊಮ್ಮೆ ಹಣದ ಅಡಚಣೆಗೋ ಮನಸ್ಸಿನ ಸಂಕಟಕ್ಕೋ ಹೊರಳುತ್ತದೆ. ಅಂಥ ಹೊತ್ತಿನಲ್ಲಿ ನಾನು ಆಪ್ತಸಮಾಲೋಚಕನಾಗಲು ಹೋಗುವುದಿಲ್ಲ. ಈ ಮಾತನ್ನು ಯಾರೊಂದಿಗೆ ಹಂಚಿಕೊಳ್ಳಬೇಕಾಗಬಹುದು, ಯಾರೊಂದಿಗೆ ಹಂಚಿಕೊಳ್ಳುವುದಿಲ್ಲ ಎಂದು ಮೊದಲೇ ತಿಳಿಸುತ್ತೇನೆ. ಪ್ರಾಣಕ್ಕೆ ಅಪಾಯವಿದೆಯೆಂದು ಕಂಡರೆ ಗುಟ್ಟು ಉಳಿಸಿಕೊಳ್ಳಲಾಗದು ಎಂಬುದನ್ನೂ ಹೇಳುತ್ತೇನೆ. ಅವರು ಒಪ್ಪಿದರೆ ಅವರ ಎದುರಿಗೇ ಸಮಾಲೋಚಕರಿಗೆ ಕರೆ ಮಾಡಿ ಹೊತ್ತು ಗೊತ್ತುಮಾಡುತ್ತೇನೆ. ಬರಿಯ ಫೋನ್ ಸಂಖ್ಯೆ ಬರೆದ ಚೀಟಿಯನ್ನು ಕೈಗಿಟ್ಟು ಕಳಿಸಿದರೆ ಆ ಕರೆ ಹೋಗುವುದೇ ಅಪರೂಪ.

ದೊಡ್ಡ ಸಂಸ್ಥೆಗಳು ಈ ಕೆಲಸಕ್ಕೆ ಗಣಕಯಂತ್ರವನ್ನು ಬಳಸುತ್ತಿವೆ. ಅಮೆರಿಕದ ಜಾರ್ಜಿಯಾ ಸ್ಟೇಟ್ ವಿಶ್ವವಿದ್ಯಾಲಯ 2012ರಿಂದ 800ಕ್ಕೂ ಹೆಚ್ಚು ಸೂಚನೆಗಳನ್ನು ದಿನವೂ ಗಮನಿಸಿ, ಹಿಂದೆ ಬೀಳುತ್ತಿರುವವರನ್ನು ಗುರುತಿಸುವ ವ್ಯವಸ್ಥೆಯನ್ನು ನಡೆಸಿಕೊಂಡು ಬಂದಿದೆ. ಅದನ್ನು ಉಲ್ಲೇಖಿಸುವವರು ತಂತ್ರಾಂಶವನ್ನಷ್ಟೇ ಹೊಗಳುತ್ತಾರೆ. ಅದರ ಜೊತೆಗೆ ಆ ವಿಶ್ವವಿದ್ಯಾಲಯ ಹೊಸ ಸಲಹೆಗಾರರನ್ನೂ ನೇಮಿಸಿಕೊಂಡಿತೆಂಬುದನ್ನು ಬಿಡುತ್ತಾರೆ. ಸೂಚನೆ ಬಂದ ಮೇಲೆ ಮಾತಾಡಲು ಮನುಷ್ಯರಿಲ್ಲದಿದ್ದರೆ ಪಟ್ಟಿ ಉದ್ದವಾಗುತ್ತದೆ, ಅಷ್ಟೇ. ನಮ್ಮ ವಿಭಾಗದಲ್ಲಿ ನಾನು ಬಳಸುವುದು ಒಂದು ಸಾಮಾನ್ಯ ಹಾಳೆ: ಕಿರುಪರೀಕ್ಷೆ, ಸತತವಾಗಿ ಸಲ್ಲಿಸದ ಎರಡು ಅಸೈನ್‌ಮೆಂಟ್, ಪ್ರಯೋಗಾಲಯದ ಗೈರುಹಾಜರಿ, ಸಂದೇಶ ಕಳಿಸಿದ ದಿನ, ಬಂದ ಉತ್ತರ.

ಉತ್ತರದ ಆ ಕೊನೆಯ ಅಂಕಣ ಕೆಲವರ ಹೆಸರಿನ ಮುಂದೆ ಖಾಲಿಯಾಗಿಯೇ ಉಳಿಯುತ್ತದೆ. ಅವರಿಗೆ ಮೊದಲನೆಯದಕ್ಕಿಂತ ಚಿಕ್ಕದಾದ ಎರಡನೇ ಸಂದೇಶ ಹೋಗುತ್ತದೆ. ಅದಕ್ಕೂ ಉತ್ತರವಿಲ್ಲದಿದ್ದರೆ ಪ್ರಯೋಗಾಲಯದಲ್ಲಿ ಅವರ ಮೇಜಿನ ಹತ್ತಿರ ಹೋಗಿ, ಬೇರೆಯವರ ಕಿವಿಗೆ ಬೀಳದಂತೆ ಮಾತಾಡುತ್ತೇನೆ. ಸ್ನೇಹಿತರ ಮೂಲಕ ಹೇಳಿ ಕಳಿಸುವುದಿಲ್ಲ, ಏಕೆಂದರೆ ಒಬ್ಬರ ಅಂಕ ಇನ್ನೊಬ್ಬರ ಬಾಯಿಗೆ ಹೋಗಬಾರದು. ವಿಷಯ ಬದಲಾಯಿಸಲು ಇರುವ ಕೊನೆಯ ದಿನಾಂಕಕ್ಕಿಂತ ಮೊದಲು ಈ ಮೂರೂ ಹೆಜ್ಜೆ ಮುಗಿಯುವಂತೆ ಕಿರುಪರೀಕ್ಷೆಯ ದಿನವನ್ನು ಇನ್ನಷ್ಟು ಹಿಂದಕ್ಕೆ ತರಲು ವಿಭಾಗದ ಸಭೆಯಲ್ಲಿ ಕೇಳಿಕೊಂಡಿದ್ದೇನೆ. ಬರುವ ಸೆಮಿಸ್ಟರಿನಿಂದ ಅದು ಮೊದಲ ವಾರದ ಕೊನೆಯಲ್ಲೇ ನಡೆಯಲಿದೆ.