ಎಲ್ಲರೂ ಬೇಡ ಅಂದ ಅಪ್‌ಡೇಟ್ ಕೊನೆಗೂ ಓಡಿತು

ನಮ್ಮ ಡೇಟಾಬೇಸಿನ ಸಾಮಾನಿನ ಟೇಬಲ್‌ನಲ್ಲಿ ಸುಮಾರು 40 ಲಕ್ಷ ಸಾಲು. ಹೊಸ ದರಗಳ ಟೇಬಲ್‌ನಲ್ಲಿ 6 ಲಕ್ಷ ಚಿಲ್ಲರೆ. ಕೋಡ್ ಹೊಂದಿದ ಕಡೆ ದರ ಬದಲಾಗಬೇಕು, ಅಷ್ಟೇ. ಡೇಟಾಬೇಸಿಗೆ ಆಜ್ಞೆ ಕೊಡುವ ಭಾಷೆ ಎಸ್‌ಕ್ಯುಎಲ್‌ನಲ್ಲೇ, ಒಂದೇ ಅಪ್‌ಡೇಟ್ ಆಜ್ಞೆಯಲ್ಲಿ ಮಾಡ್ತೀನಿ ಅಂದರೆ ಟೀಮಿನಲ್ಲಿ ಒಬ್ಬರೂ ಒಪ್ಪಲಿಲ್ಲ. ಒಂದೊಂದೇ ಸಾಲು ಓದಿ ಬರೆಯುವ ಹಳೇ ಸ್ಕ್ರಿಪ್ಟ್ ಇತ್ತು. 11 ಗಂಟೆ ಹಿಡಿದರೂ ಅದೇ ಸೇಫ್ ಅಂತ ಅವರ ವಾದ. ಆ ಅನುಮಾನ ಹುಟ್ಟಿಸಿದವನೂ ನಾನೇ ಬಿಡಿ.

ಮೊದಲ ಸಲ ಸೆಟ್‌ನಲ್ಲಿ (ಹೊಸ ಬೆಲೆ ಕೊಡುವ ಭಾಗ) ಹೊಸ ದರ ಹುಡುಕುವ ಸಬ್‌ಕ್ವೆರಿಯನ್ನು, ಅಂದರೆ ಒಳಗಿನ ಕ್ವೆರಿಯನ್ನು, ಒಂದೇ ಸಾಲು ಕೊಡುವಂತೆ ಲಿಮಿಟ್ 1 ಹಾಕಿ ಬರೆದು, ಹೊರಗೆ ವೇರ್ (ಯಾವ ಸಾಲು ಅನ್ನೋ ಷರತ್ತು) ಹಾಕದೆ ಓಡಿಸಿದ್ದೆ. ಹೊಸ ದರ ಇಲ್ಲದ 34 ಲಕ್ಷ ಸಾಲುಗಳ ದರ ನಲ್, ಅಂದರೆ ಖಾಲಿ, ಆಗಿ ಕೂತಿತು. ಕಾಲಂಗೆ ಖಾಲಿ ಬಿಡಬಾರದು ಅನ್ನೋ ನಾಟ್ ನಲ್ ನಿಯಮ ಇದ್ದಿದ್ದರೆ ಅಲ್ಲೇ ಎರರ್ ಬರ್ತಿತ್ತು. ಅದೂ ಇರಲಿಲ್ಲ. ಬ್ಯಾಕಪ್‌ನಿಂದ ವಾಪಸ್ ತರುವಷ್ಟರಲ್ಲಿ ಅರ್ಧ ದಿನದ ಆರ್ಡರ್ ಹೋಯಿತು. ನಷ್ಟ ನನ್ನ ಎರಡು ತಿಂಗಳ ಸಂಬಳಕ್ಕಿಂತ ಜಾಸ್ತಿ.

ಎರಡನೇ ತಪ್ಪು, ಮೈಕ್ರೋಸಾಫ್ಟಿನ ಡೇಟಾಬೇಸ್ ಎಸ್‌ಕ್ಯುಎಲ್ ಸರ್ವರ್‌ನಿಂದ ಅಂಟಿಸಿಕೊಂಡು ಬಂದ ಚಾಳಿ. ಅಲ್ಲಿ ಅಪ್‌ಡೇಟ್ ಆಗುವ ಟೇಬಲನ್ನೇ ಅಡ್ಡಹೆಸರು ಕೊಟ್ಟು ಫ್ರಮ್‌ನಲ್ಲಿ (ಯಾವ ಟೇಬಲ್‌ನಿಂದ ಅನ್ನೋ ಭಾಗ) ಮತ್ತೆ ಬರೆದು ಜಾಯಿನ್ ಮಾಡಿದರೆ, ಅಂದರೆ ದರಗಳ ಟೇಬಲ್ ಜೊತೆ ಜೋಡಿಸಿದರೆ, ನಡೆಯುತ್ತೆ. ನಾವು ಬಳಸುವ ಡೇಟಾಬೇಸ್ ಪೋಸ್ಟ್‌ಗ್ರೆಸ್ ಅದನ್ನು ಬೇರೆಯೇ ಟೇಬಲ್ ಅಂತ ಹಿಡಿಯುತ್ತೆ. ಪ್ರತಿ ಸಾಲಿಗೂ ಇಡೀ ಜಾಯಿನ್ ಗಂಟುಬೀಳುತ್ತೆ. ರಾತ್ರಿಯಿಡೀ ಓಡಿದರೂ ಮುಗಿಯಲಿಲ್ಲ. ನಿಲ್ಲಿಸಿ, ಸಾವಿರ ಸಾಲಿನ ಕಾಪಿಯಲ್ಲಿ ಓಡಿಸಿ ನೋಡಿದರೆ ಸೂಜಿಗೂ ಫ್ರಿಜ್ಜಿಗೂ ಒಂದೇ ದರ! ಆ ಟೇಬಲನ್ನು ಫ್ರಮ್‌ನಿಂದ ತೆಗೆದು, ಕೋಡ್ ಹೊಂದಿಸುವುದನ್ನು ವೇರ್‌ಗೆ ಹಾಕಿದ ಮೇಲೆ ದಾರಿಗೆ ಬಂತು.

ಆದರೂ ಕೆಲವು ದರ ತಪ್ಪು. ಹೊಸ ಟೇಬಲ್‌ನಲ್ಲಿ ಒಂದೇ ಕೋಡ್ ಎರಡೆರಡು ಸಲ ಇತ್ತು, ಸುಮಾರು 900 ಕಡೆ. ಅಂಥಲ್ಲಿ ಅಪ್‌ಡೇಟ್ ಯಾವುದೋ ಒಂದನ್ನು ಎತ್ತಿಕೊಂಡು ಸುಮ್ನಾಗುತ್ತೆ, ಚಕಾರ ಎತ್ತಲ್ಲ. ಸಾಲುಗಳಿಗೆ ಕ್ರಮಸಂಖ್ಯೆ ಕೊಡುವ ರೋ ನಂಬರ್ ಹಾಕಿ, ತಾರೀಖಿನ ಪ್ರಕಾರ ಕೊನೆಯದನ್ನು ಮಾತ್ರ ಉಳಿಸಿದೆ. ಕುತೂಹಲಕ್ಕೆ ಎರಡು ಟೇಬಲ್ ಹೊಂದಿಸಿ ಬದಲಿಸುವ, ಪೋಸ್ಟ್‌ಗ್ರೆಸ್ 15ರಲ್ಲಿ ಬಂದ ಮರ್ಜ್ ಆಜ್ಞೆ ಕೂಡ ನೋಡಿದೆ. ಒಂದೇ ಸಾಲನ್ನು ಎರಡನೇ ಸಲ ಮುಟ್ಟಲು ಹೋದರೆ ಅದು ಎರರ್ ಕೊಟ್ಟು ನಿಲ್ಲುತ್ತೆ. ಡೂಪ್ಲಿಕೇಟ್ ಹಿಡಿಯೋಕೆ ಈಗ ಅದನ್ನೇ ಇಟ್ಟುಕೊಂಡಿದ್ದೀನಿ.

ಇನ್ನೊಂದು ದುಡ್ಡಿನ ವಿಷಯ. ದರ ಬದಲಾಗದಿದ್ದರೂ ಪೋಸ್ಟ್‌ಗ್ರೆಸ್ ಸಾಲಿನ ಹೊಸ ಪ್ರತಿ ಬರೆಯುತ್ತೆ, ಹಳೆಯದು ವ್ಯಾಕ್ಯೂಮ್ (ಹಳೇ ಪ್ರತಿಗಳನ್ನು ಗುಡಿಸುವ ಕೆಲಸ) ಆಗುವ ತನಕ ಜಾಗ ಹಿಡಿದಿರುತ್ತೆ. ಪದೇಪದೇ ಓಡಿಸಿದ್ದಕ್ಕೆ ಡಿಸ್ಕ್ ಊದಿಕೊಂಡು, ಆ ತಿಂಗಳ ಕ್ಲೌಡ್ ಬಿಲ್ ಒಂದೂವರೆ ಪಟ್ಟು ಬಂತು. ವೇರ್‌ನಲ್ಲಿ ಈಸ್ ಡಿಸ್ಟಿಂಕ್ಟ್ ಫ್ರಮ್, ಅಂದರೆ ಹಳೇ ದರ ಹೊಸದಕ್ಕಿಂತ ಬೇರೆ ಇದ್ದರೆ ಮಾತ್ರ ಅನ್ನೋ ಷರತ್ತು, ಸೇರಿಸಿದೆ. ನಿಜಕ್ಕೂ ಬದಲಾಗಬೇಕಿದ್ದದ್ದು 2 ಲಕ್ಷವೇ! ಈಗ ಐಡಿ ಪ್ರಕಾರ 20 ಸಾವಿರದ ಗುಂಪು, ಪ್ರತಿ ಗುಂಪಿಗೂ ಕಮಿಟ್, ಅಂದರೆ ಅಲ್ಲಿಗೆ ಖಾಯಂ. ಒಟ್ಟು 9 ನಿಮಿಷ, 10 ಅಂದ್ಕೊಳ್ಳಿ. ಗುಂಪುಗಳ ನಡುವೆ ನಾನು ಮಾಡುವ ಒಂದು ಸಣ್ಣ ಕೆಲಸ ಇದೆ, ಅದು ಸದ್ಯಕ್ಕೆ ನನ್ನ ಹತ್ರಾನೇ ಇರಲಿ.

ಹೊಸ ಟೇಬಲನ್ನೇ ಕಟ್ಟಿ ಹೆಸರು ಅದಲುಬದಲು ಮಾಡುವುದನ್ನೂ ನೋಡಿದೆ. ಮೂರೇ ನಿಮಿಷ! ಬೀಗಿದ್ದೇ ಬೀಗಿದ್ದು. ಆದರೆ ರಿಪೋರ್ಟಿಗೆ ಬಳಸುವ ವ್ಯೂಗಳು (ಉಳಿಸಿಟ್ಟ ಕ್ವೆರಿಗಳು) ಹೆಸರು ಬದಲಾದ ಹಳೇ ಟೇಬಲನ್ನೇ ಹಿಡಿದುಕೊಂಡಿದ್ದವು. ಎರಡು ದಿನ ರಿಪೋರ್ಟಿನಲ್ಲಿ ಹಳೇ ದರವೇ ಬರ್ತಿತ್ತು.